ಇಂಜಿನ್ ಯಾವ ಕಡೆ ಇದೆ?

ಕೆಟ್ಟು ನಿಂತ ಕಾರುಗಳನ್ನು ಟ್ರೈಲರ್ ಮೇಲೆ ಹತ್ತಿಸಿ, ಪಿಕಪ್‌ಗೆ ಕಟ್ಟಿ, ಹೇಳಿದ ಜಾಗಕ್ಕೆ ಮುಟ್ಟಿಸುವುದು ನನ್ನ ಕೆಲಸ. ಇದು ನಾನು ಕೆಲಸಕ್ಕೆ ಸೇರಿ ಐದು ತಿಂಗಳಾದಾಗ ನಡೆದದ್ದು. ಎಲ್ಲ ಗೊತ್ತಾಗಿಬಿಟ್ಟಿದೆ ಅನ್ನಿಸುವ ಹೊತ್ತು ಅದು.

ಆ ದಿನದ ಕಾರು ಗೋಡೆಗೆ ಮೂತಿ ಇಟ್ಟು ನಿಂತಿತ್ತು. ಸ್ಟಾರ್ಟ್ ಆಗುತ್ತಿರಲಿಲ್ಲ. ತಳ್ಳಿ ತಿರುಗಿಸಬೇಕಿತ್ತು, ಆದರೆ ಬಿಸಿಲು, ಸೋಮಾರಿತನ. ಹಿಂದಿನ ಕಡೆಯಿಂದಲೇ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಸಿಕ್ಕಿಸಿ ಎಳೆದು ಹತ್ತಿಸಿದೆ. ನಾಲ್ಕು ಚಕ್ರಕ್ಕೂ ಬೆಲ್ಟ್ ಬಿಗಿದೆ. ಲೈಟ್ ನೋಡಿದೆ. ಹೊರಟೆ. ಪಿಕಪ್‌ನ ಹಿಂಭಾಗ ಒಂದಿಂಚೂ ಕೆಳಗೆ ಕೂತಿರಲಿಲ್ಲ. ‘ಪರವಾಗಿಲ್ಲ, ಲೋಡ್ ಹಗುರ ಇದೆ’ ಅಂತ ಖುಷಿಪಟ್ಟಿದ್ದೆ ಬೇರೆ.

ಇಳಿಜಾರಿನಲ್ಲಿ ಸ್ಪೀಡ್ 80 ಮುಟ್ಟಿತ್ತು. ಒಂದು ಬಸ್ಸು ಪಕ್ಕದಿಂದ ಹಾದುಹೋಯಿತು. ಆ ಗಾಳಿಯ ಹೊಡೆತಕ್ಕೆ ಟ್ರೈಲರ್ ಬಾಲ ಆಡಿಸಲು ಶುರು ಮಾಡಿತು. ಮೊದಲು ಸಣ್ಣಗೆ. ಮಿರರ್‌ನಲ್ಲಿ ಕಾರಿನ ಮೂಲೆ ಕಾಣಿಸಿತು, ಮಾಯವಾಯಿತು, ಆಚೆ ಮಿರರ್‌ನಲ್ಲಿ ಕಾಣಿಸಿತು. ಸ್ಟೇರಿಂಗ್ ನನ್ನ ಕೈಯಲ್ಲಿದ್ದರೂ ಪಿಕಪ್ಪನ್ನು ಓಡಿಸುತ್ತಿದ್ದದ್ದು ಟ್ರೈಲರ್. ನಾನು ಮಾಡಿದ ತಪ್ಪು ಅಂದ್ರೆ ಬ್ರೇಕ್ ತುಳಿದದ್ದು. ಪಿಕಪ್ ತಗ್ಗಿತು, ಹಿಂದಿನ ಭಾರ ಮುಂದಕ್ಕೆ ನುಗ್ಗಿತು, ಆಟ ಇನ್ನೂ ಜೋರಾಯಿತು. ಹೆದರಿ ಕಾಲು ತೆಗೆದೆ. ಟ್ರೈಲರ್ ಬ್ರೇಕಿಗೆ ಅಂತಲೇ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಪುಟ್ಟ ಕಂಟ್ರೋಲರ್ ಇತ್ತು. ಅದನ್ನು ಮೆಲ್ಲಗೆ ಒತ್ತಿ, ಸ್ಟೇರಿಂಗ್ ನೇರ ಹಿಡಿದುಕೊಂಡೆ. 50ಕ್ಕಿಂತ ಕೆಳಗೆ ಬಂದ ಮೇಲೆ ಅದೇ ತಣ್ಣಗಾಯಿತು.

ಖಾಲಿ ಮೈದಾನವೊಂದಕ್ಕೆ ಗಾಡಿ ಇಳಿಸಿ ನಮ್ಮ ಹಿರಿಯ ಡ್ರೈವರ್‌ಗೆ ಫೋನ್ ಮಾಡಿದೆ. ಇಡೀ ಕಥೆ ಕೇಳಿ ಅವರು ಕೇಳಿದ್ದು ಒಂದೇ ಮಾತು: “ಇಂಜಿನ್ ಯಾವ ಕಡೆ ಇದೆಯೋ?”

ಟ್ರೈಲರ್ ಅಂದ್ರೆ ಚಕ್ರದ ಮೇಲಿಟ್ಟ ತಕ್ಕಡಿ. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಟ್ರೈಲರ್‌ನ ಮೂತಿ ಹಿಚ್ ಬಾಲ್ (ಪಿಕಪ್‌ನ ಹಿಂದಿರುವ, ಟ್ರೈಲರ್ ಸಿಕ್ಕಿಸುವ ಗುಂಡು) ಮೇಲೆ ಒತ್ತಬೇಕು. ಟ್ರೈಲರ್ 700 ಕೆಜಿ, ಕಾರು 1300 ಕೆಜಿ ಇದ್ದರೆ ಒಟ್ಟು 2000. ಮೂತಿಯ ಮೇಲೆ 200ರಿಂದ 300 ಕೆಜಿ ಕೂರಬೇಕು. ನಾನು ಕಾರನ್ನು ಉಲ್ಟಾ ಹತ್ತಿಸಿ, ಇಂಜಿನ್ ಭಾರವನ್ನೆಲ್ಲ ಟ್ರೈಲರ್‌ನ ಆಕ್ಸಲ್ (ಚಕ್ರದ ಅಚ್ಚು) ಹಿಂದಕ್ಕೆ ಕಳಿಸಿದ್ದೆ. ಮೂತಿ ಬಾಲ್ ಮೇಲೆ ಸುಮ್ನೆ ತಾಗಿಕೊಂಡಿತ್ತು ಅಷ್ಟೆ. ಅದಕ್ಕೇ ಟ್ರೈಲರ್ ಬಾಲ ಆಡಿಸಿದ್ದು. (ಹಿಂದೆ ಇಂಜಿನ್ ಇರುವ ಕಾರಾದರೆ ಲೆಕ್ಕ ಉಲ್ಟಾ.)

ಹಾಗಂತ ಮೂತಿಗೆ ಭಾರ ಜಾಸ್ತಿಯಾದರೂ ಕಷ್ಟವೇ. ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಆ 200–300 ಕೆಜಿ ಪಿಕಪ್ ಹೊರುವ ಲೋಡಿನ ಲೆಕ್ಕಕ್ಕೇ ಸೇರುತ್ತದೆ. ಎಳೆಯುವ ತಾಕತ್ತು ಇದೆ ಅಂತ ಹಿಂದೆ ಟೂಲ್ಸ್, ಟೈರು ಎಲ್ಲ ತುಂಬಿಕೊಂಡು ಹೋಗುವವರು ಇದನ್ನೇ ಮರೆಯುತ್ತಾರೆ.

ಕಾರು ಅರ್ಧ ಅಡಿ ಸರಿದರೆ ಎಷ್ಟು ವ್ಯತ್ಯಾಸ ಅಂತ ಆಮೇಲೆ ಲೆಕ್ಕ ಹಾಕಿದೆ. ಆಕ್ಸಲ್‌ನಿಂದ ಬಾಲ್‌ಗೆ 4 ಮೀಟರ್ ಇದ್ದರೆ, 1300 ಕೆಜಿಯ ಕಾರನ್ನು 15 ಸೆಂಟಿಮೀಟರ್ ಮುಂದೆ ತಂದರೆ ಮೂತಿಗೆ ಸುಮಾರು 50 ಕೆಜಿ ಸೇರುತ್ತದೆ. ಆ ದಿನ ಮೈದಾನದಲ್ಲಿ ಬೆಲ್ಟ್ ಬಿಚ್ಚಿ, ಕಾರನ್ನು ವಿಂಚ್‌ನಿಂದ ಒಂದಡಿ ಮುಂದಕ್ಕೆ ಎಳೆದು ಮತ್ತೆ ಕಟ್ಟಿದೆ. ಉಳಿದ ದಾರಿಯೆಲ್ಲ 40ರಲ್ಲೇ ಹೋದೆ. ಹಿಂದಿನವರು ಹಾರ್ನ್ ಹೊಡೆದರು, ಹೊಡೀಲಿ ಬಿಡಿ.

ಮೂತಿಯ ಭಾರ ಅಳೆಯುವುದಕ್ಕೆ ಮನೆಯಲ್ಲಿ ನಿಂತು ತೂಕ ನೋಡುವ ಮೆಷಿನ್ನೇ ಸಾಕು. ಟ್ರೈಲರ್ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಮೂರಡಿ ದೂರದ ಮೆಷಿನ್ ಮೇಲೆ. ಟ್ರೈಲರ್ ಮೂತಿಯನ್ನು ಇಟ್ಟಿಗೆಯಿಂದ ಒಂದಡಿ ಜಾಗದಲ್ಲಿ ಇಳಿಸಿ. ಮೆಷಿನ್ ತೋರಿಸಿದ್ದರಲ್ಲಿ ಬರೀ ಹಲಗೆಗೆ ಬಂದಿದ್ದ ತೂಕ ಕಳೆದು, 3ರಿಂದ ಗುಣಿಸಿ. ಟ್ರೈಲರ್ ಮಟ್ಟವಾಗಿ ನಿಂತಿರಬೇಕು.

ಕಪ್ಲರ್ (ಬಾಲನ್ನು ಹಿಡಿದುಕೊಳ್ಳುವ ಮೂತಿಯ ತುದಿ) ವಿಷಯದಲ್ಲೂ ಕಣ್ಣನ್ನು ನಂಬಬೇಡಿ. 2 5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೂ ಕೂರುತ್ತದೆ, ಲಾಕ್ ಆದಂತೆಯೇ ಕಾಣುತ್ತದೆ. ಹಂಪ್ ಸಿಕ್ಕಾಗ ಎದ್ದು ಬರುತ್ತದೆ. ಅಳತೆ ಎರಡರ ಮೇಲೂ ಕೊರೆದಿರುತ್ತದೆ, ಓದಿ. ಲಾಕ್ ಹಾಕಿ ಪಿನ್ ತೂರಿಸಿದ ಮೇಲೆ ನಾನು ಟ್ರೈಲರ್‌ನ ಜಾಕ್‌ನಿಂದ ಮೂತಿಯನ್ನು ಸ್ವಲ್ಪ ಮೇಲೆತ್ತುತ್ತೇನೆ. ಪಿಕಪ್‌ನ ಹಿಂಭಾಗವೂ ಜೊತೆಗೇ ಎದ್ದರೆ ಹಿಡಿದಿದೆ ಅಂತ ಅರ್ಥ. ಸುರಕ್ಷೆಯ ಸರಪಳಿ ಎರಡನ್ನೂ ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ದಾಟಿಸಿ ಸಿಕ್ಕಿಸಬೇಕು. ಕಪ್ಲರ್ ಬಿಚ್ಚಿಕೊಂಡರೂ ಮೂತಿ ನೆಲಕ್ಕೆ ಬಡಿಯದೆ ತೊಟ್ಟಿಲಲ್ಲಿ ಬಿದ್ದಂತೆ ನಿಲ್ಲುತ್ತದೆ. ಇನ್ನು, ಪಿಕಪ್‌ಗೆ ಕಟ್ಟದೆ ಟ್ರೈಲರ್ ಮೇಲೆ ಕಾರು ಹತ್ತಿಸಲೇಬೇಡಿ. ಹಿಂದಿನ ತುದಿಗೆ ಭಾರ ಬಿದ್ದ ಕೂಡಲೇ ಮೂತಿ ಆಕಾಶಕ್ಕೆ ಏಳುತ್ತದೆ.

ಬೆಲ್ಟನ್ನು ಕಾರಿನ ಮೈಗೆ ಕಟ್ಟುವುದಕ್ಕಿಂತ ಟೈರಿಗೆ ಸುತ್ತುವುದು ವಾಸಿ. ಸಸ್ಪೆನ್ಶನ್ ಕುಣಿದರೂ ಬೆಲ್ಟ್ ಸಡಿಲವಾಗುವುದಿಲ್ಲ. ಹೊರಟು 15–20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಪ್ರತಿ ಬೆಲ್ಟನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ. ಒಂದಾದರೂ ಒಂದು ಹಲ್ಲು ಬಿಗಿ ಕೇಳುತ್ತದೆ. ಹಾಗೇ ಟ್ರೈಲರ್ ಚಕ್ರದ ನಡುವಿನ ಹಬ್ ಅನ್ನೂ ಎಚ್ಚರದಿಂದ ಮುಟ್ಟುತ್ತೇನೆ. ಒಂದು ಬೆಚ್ಚಗಿದ್ದು ಇನ್ನೊಂದು ಕೈಸುಡುವಷ್ಟಿದ್ದರೆ ಬೇರಿಂಗೋ ಬ್ರೇಕೋ ಹೋಗಿದೆ ಅಂತಲೇ. ಮುಂದೆ ಹೋಗಬೇಡಿ.

ರಿವರ್ಸ್ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಅದು ನಿಧಾನದ ಆಟ. ಸ್ಟೇರಿಂಗ್‌ನ ಕೆಳಗಿನ ತುದಿ ಹಿಡಿಯಿರಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಕೆಟ್ಟರೆ ಮುಂದೆ ಬಂದು ಮತ್ತೆ ಶುರು ಮಾಡಿ, ಅಷ್ಟೆ.

ಹೋದ ವಾರ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನ ಫೋನ್ ಬಂತು. “ಅಣ್ಣಾ, ತಿರುಗಿಸೋಕೆ ಜಾಗ ಇಲ್ಲ. ಹಿಂದುಮುಂದಾಗೇ ಹತ್ತಿಸ್ಲಾ?”

“ಇಂಜಿನ್ ಯಾವ ಕಡೆ ಇದೆಯೋ?” ಅಂದೆ.

“ಮುಂದೆ.”

“ಹಂಗಾದ್ರೆ ಅಲ್ಲೇ ಇರು, ಬಂದೆ.”

ಇಬ್ಬರೂ ಸೇರಿ ಮುಂದೆ ಹಿಂದೆ ತಳ್ಳಿ ಕಾರು ತಿರುಗಿಸುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅವನು ಮುಖ ಊದಿಸಿಕೊಂಡೇ ಬೆಲ್ಟ್ ಕಟ್ಟಿದ.