ಡಾಬ್ಸೋನಿಯನ್ ಟೆಲಿಸ್ಕೋಪ್: ಈ ಹಂತ ಪೂರ್ತಿ ಅಂಟಿನ ಕೆಲಸ

ನಾನು ಕಟ್ಟುತ್ತಿರುವ ಎಂಟು ಇಂಚು ಅಗಲದ ಕನ್ನಡಿಯ ಟೆಲಿಸ್ಕೋಪ್ ಅರ್ಧ ದಾರಿ ದಾಟಿದೆ. ಡಾಬ್ಸೋನಿಯನ್ ಅಂದರೆ ಮರದ ಪೆಟ್ಟಿಗೆಯಲ್ಲಿ ಕೂತು ಕೈಯಿಂದ ತಿರುಗುವ ಸರಳ ಕನ್ನಡಿ ಟೆಲಿಸ್ಕೋಪ್. ಪ್ಲೈವುಡ್ ಕತ್ತರಿಸಿ ಆಯ್ತು. ಮುಖ್ಯ ಕನ್ನಡಿಗೆ ಅಲ್ಯೂಮಿನಿಯಂ ಲೇಪನವೂ ಆಗಿದೆ. ಇನ್ನು ಜೋಡಿಸಬೇಕು. ಮರಕ್ಕೆ ಮರ, ಮರಕ್ಕೆ ಸನ್ಮೈಕಾ, ಮರಕ್ಕೆ ಟೆಫ್ಲಾನ್, ಲೋಹಕ್ಕೆ ಗಾಜು. ಒಂದೇ ಉಪಕರಣದಲ್ಲಿ ಇಷ್ಟು ಬಗೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ, "ಇದು ತಗೊಳ್ಳಿ ಸರ್, ಎಲ್ಲದಕ್ಕೂ ಹಿಡಿಯುತ್ತೆ" ಅಂತ ಒಂದು ಟ್ಯೂಬ್ ಕೊಡುತ್ತಾರೆ. ಎಲ್ಲದಕ್ಕೂ ಹಿಡಿಯುವ ಅಂಟು ಇಲ್ಲ. ಯಾವುದು ಗಟ್ಟಿ ಅಂತ ಕೇಳುವ ಬದಲು, ಆ ಜೋಡಣೆ ಎಷ್ಟು ಅಲುಗಾಡುತ್ತೆ, ಭಾರ ಯಾವ ಕಡೆ ಎಳೆಯುತ್ತೆ ಅಂತ ನೋಡಬೇಕು. ನಾನು ಆರಿಸಿದ್ದೆಲ್ಲ ಹೀಗೇ.

ಪೆಟ್ಟಿಗೆ

ಇದು ಸುಲಭದ ಭಾಗ. ಮರಕ್ಕೆ ಮರ ಅಂದರೆ ಬಿಳಿ ಫೆವಿಕಾಲ್ ಸಾಕು. ಅದರ ನೀರನ್ನು ಮರ ಹೀರಿಕೊಂಡಾಗ ಅಂಟು ಬಿಗಿಯುತ್ತೆ. ಟೆಲಿಸ್ಕೋಪ್ ರಾತ್ರಿಯೆಲ್ಲ ಇಬ್ಬನಿಯಲ್ಲಿ ಇರುತ್ತೆ, ಅದಕ್ಕೇ ನೀರು ತಡೆಯುವ ಮರೀನ್ ಬಗೆಯದ್ದು ತಂದೆ. ಈ ಅಂಟಿಗೆ ಇನ್ನೊಂದು ಗುಣ ಇದೆ. ಒಂದೇ ಸಮನೆ ಭಾರ ಬಿದ್ದರೆ ತಿಂಗಳುಗಳಲ್ಲಿ ನಿಧಾನವಾಗಿ ಜರುಗುತ್ತೆ. ಹಾಗಾಗಿ ಭಾರ ಹೊರುವ ಮೂಲೆಗಳಿಗೆ ಸ್ಕ್ರೂ ಕೂಡ ಹಾಕಿದ್ದೇನೆ.

ಸನ್ಮೈಕಾ ಮತ್ತು ಟೆಫ್ಲಾನ್

ಡಾಬ್ಸೋನಿಯನ್ ಸರಾಗವಾಗಿ ತಿರುಗುವುದು ಈ ಎರಡರಿಂದ. ತರಿ ಮೈಯ ಸನ್ಮೈಕಾ ಮೇಲೆ ಟೆಫ್ಲಾನ್ ತುಂಡುಗಳು ಜಾರುತ್ತವೆ. ಬೇರಿಂಗ್ ಬೇಡ, ಗೇರ್ ಬೇಡ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ, ಎರಡು ದಶಕಕ್ಕೂ ಹೆಚ್ಚು ಕಾಲ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೇ ಗಾಜು, ರಟ್ಟಿನ ಕೊಳವೆ, ಪ್ಲೈವುಡ್ ಇವುಗಳಿಂದಲೇ ದೊಡ್ಡ ಟೆಲಿಸ್ಕೋಪ್ ಕಟ್ಟಬಹುದು ಅಂತ ತೋರಿಸಿದರು. ಅವರ ಮೇಲೆ ನನಗೆ ತುಂಬಾ ಗೌರವ.

ಸನ್ಮೈಕಾಗೆ ಬಡಗಿಗಳು ಫೆವಿಕಾಲನ್ನೇ ಹಚ್ಚಿ ರಾತ್ರಿಯಿಡೀ ಒತ್ತಿಡುತ್ತಾರೆ. ನನ್ನದು ದುಂಡು ಹಲಗೆ. ಎಲ್ಲ ಕಡೆ ಸಮನಾಗಿ ಒತ್ತುವುದು ಕಷ್ಟ. ಅದಕ್ಕೆ ಎಸ್‌ಆರ್ 998 ಬಳಸಿದೆ. ಇದು ರಬ್ಬರಿನ ಅಂಟು. ಎರಡೂ ಮೈಗೆ ತೆಳ್ಳಗೆ ಹಚ್ಚಬೇಕು. ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಆಮೇಲೆ ಒಂದರ ಮೇಲೊಂದು ಇಟ್ಟ ಕ್ಷಣವೇ ಹಿಡಿಯುತ್ತೆ, ಸರಿಸೋಕೆ ಆಗಲ್ಲ. ಅದಕ್ಕೇ ನಡುವೆ ತೆಳು ಕಡ್ಡಿಗಳನ್ನು ಸಾಲಾಗಿ ಇಟ್ಟು, ಜಾಗ ಸರಿ ಮಾಡಿಕೊಂಡು, ಮಧ್ಯದಿಂದ ಒಂದೊಂದೇ ಎಳೆಯುತ್ತಾ ಒತ್ತಿದೆ. ಚೆನ್ನಾಗಿ ಕೂತಿದೆ. ವಾಸನೆ ಜೋರು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ.

ಟೆಫ್ಲಾನಿಗೆ ಅಂಟು ಹಚ್ಚುವ ಆಸೆ ಬಿಡಬೇಕು. ಅದರ ಮೇಲೆ ನೀರು ಹಾಕಿದರೆ ಹನಿಹನಿಯಾಗಿ ನಿಲ್ಲುತ್ತೆ, ಹರಡುವುದಿಲ್ಲ. ಅಂಟೂ ಹಾಗೇ. ಹರಡದ ಕಡೆ ಹಿಡಿಯುವುದಿಲ್ಲ. ಸೋಡಿಯಂ ರಾಸಾಯನಿಕದಿಂದ ಒಂದು ಮೈ ಕೊರೆದ ಟೆಫ್ಲಾನ್ ಸಿಗುತ್ತೆ, ಅದು ಅಂಟುತ್ತೆ. ಮನೆಯಲ್ಲಿ ಮಾಡುವಂಥದ್ದಲ್ಲ ಅದು. ನಾನು ಚಿಕ್ಕ ಸ್ಕ್ರೂ ಹಾಕಿ, ತಲೆ ಒಳಗೆ ಇಳಿಯುವಂತೆ ಬಿಗಿದೆ. ಇಲ್ಲದಿದ್ದರೆ ಸನ್ಮೈಕಾ ಗೀರಿ ಹೋಗುತ್ತೆ.

ಮುಖ್ಯ ಕನ್ನಡಿ

ಜಾಸ್ತಿ ಯೋಚನೆ ಮಾಡಿದ್ದು ಇಲ್ಲೇ. ಕನ್ನಡಿ ಪೈರೆಕ್ಸ್ ಗಾಜಿನದು, ತೂಕ ಸುಮಾರು 1.8 ಕೆ.ಜಿ. ಅದನ್ನು ಅಲ್ಯೂಮಿನಿಯಂ ತಟ್ಟೆಗೆ ಕೂರಿಸಬೇಕು. ಗಟ್ಟಿತನ ಅಂದ ಕೂಡಲೇ ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಅಂಟು ಅರಾಲ್ಡೈಟ್ ನೆನಪಾಗುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿದರೆ ಅದು ಇಲ್ಲಿ ಬೇಡವೇ ಬೇಡ.

ಒಂದು ಡಿಗ್ರಿ ಸೆಲ್ಸಿಯಸ್‌ಗೆ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ ಸುಮಾರು 23 ಪಾಲು ಹಿಗ್ಗುತ್ತೆ. ಪೈರೆಕ್ಸ್ ಬರೀ 3.3 ಪಾಲು. ಸಂಜೆ 30 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 15ಕ್ಕೆ ಇಳಿಯಿತು ಅಂದುಕೊಳ್ಳಿ. 140 ಮಿ.ಮೀ. ಅಗಲದ ವೃತ್ತದಲ್ಲಿ ಅಂಟು ಇದ್ದರೆ, ತಟ್ಟೆ ಕನ್ನಡಿಗಿಂತ ಸುಮಾರು 0.04 ಮಿ.ಮೀ. ಜಾಸ್ತಿ ಕುಗ್ಗುತ್ತೆ. ಅಂದರೆ 40 ಮೈಕ್ರಾನ್. ಕನ್ನಡಿಯ ಮೈ ಮಾತ್ರ ಬೆಳಕಿನ ಅಲೆಯ ಎಂಟನೇ ಒಂದು ಭಾಗದಷ್ಟು, ಅಂದರೆ 0.07 ಮೈಕ್ರಾನಿನಷ್ಟು ನಿಖರವಾಗಿರಬೇಕು. ಅರಾಲ್ಡೈಟ್ ಒಣಗಿದ ಮೇಲೆ ಬಗ್ಗುವುದಿಲ್ಲ. ತಟ್ಟೆಯ ಎಳೆತ ನೇರವಾಗಿ ಗಾಜಿಗೆ ಬೀಳುತ್ತೆ. ಕನ್ನಡಿ ಒಂಚೂರು ತಿರುಚಿದರೂ ನಕ್ಷತ್ರ ಚುಕ್ಕಿಯಾಗಿ ಕಾಣದೆ ಉದ್ದಕ್ಕೆ ಎಳೆದಂತೆ ಕಾಣುತ್ತೆ.

ಹಾಗಾಗಿ ಇಲ್ಲಿ ಬೇಕಿದ್ದದ್ದು ಮೆತ್ತಗಿನ ಅಂಟು, ಸಿಲಿಕೋನ್. ಮೂರೇ ಮೂರು ಉಂಡೆ. ಪ್ರತಿಯೊಂದೂ ಸುಮಾರು 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ದಪ್ಪ ಇದ್ದರೇನೇ ಅದು ಓರೆಯಾಗಿ ಬಾಗಿ ಆ 40 ಮೈಕ್ರಾನನ್ನು ನುಂಗಿಕೊಳ್ಳುತ್ತೆ. ನಡುವೆ 3 ಮಿ.ಮೀ. ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟು ಕನ್ನಡಿ ಕೂರಿಸಿ, ಅಂಟು ಗಟ್ಟಿಯಾದ ಮೇಲೆ ತುಂಡು ತೆಗೆದೆ.

ಸಿಲಿಕೋನಿನಲ್ಲೂ ಆರಿಸಬೇಕು. ಮೀನಿನ ತೊಟ್ಟಿಗೆ ಬಳಸುವ ಮಾಮೂಲಿ ಬಗೆ ಒಣಗುವಾಗ ವಿನಿಗರ್ ವಾಸನೆ ಬರುತ್ತೆ. ಅದು ಅಸೆಟಿಕ್ ಆಮ್ಲ, ಅಲ್ಯೂಮಿನಿಯಂ ಲೇಪನಕ್ಕೆ ಒಳ್ಳೆಯದಲ್ಲ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ತರಬೇಕು. ಇನ್ನೊಂದು ವಿಷಯ: ಇದು ಗಾಳಿಯ ತೇವದಿಂದ ಗಟ್ಟಿಯಾಗುತ್ತೆ, ಅಂಚಿನಿಂದ ಒಳಕ್ಕೆ, ದಿನಕ್ಕೆ 2–3 ಮಿ.ಮೀ.ನಷ್ಟು. ಉಂಡೆಯ ನಡುಭಾಗ ಆಗಲು ವಾರ ಬೇಕು. ಅಲ್ಲಿಯವರೆಗೆ ಎತ್ತಬಾರದು.

ಅಂಟಿಸುವ ಮುಂಚೆ ಎರಡೂ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಹಲಸು ಬಿಡಿಸುವಾಗ ಮೇಣ ಹತ್ತಬಾರದು ಅಂತ ಕೈಗೆ ಎಣ್ಣೆ ಸವರುತ್ತೀವಲ್ಲ, ಬೆರಳಿನ ಜಿಡ್ಡು ಇಲ್ಲಿ ಅದೇ ಕೆಲಸ ಮಾಡಿಬಿಡುತ್ತೆ.

ಟೇಪ್ ಎಲ್ಲಿ, ಎಲ್ಲಿ ಬೇಡ

ಫೈಂಡರ್ ಅಂದರೆ ಗುರಿ ಹಿಡಿಯಲು ಪಕ್ಕದಲ್ಲಿ ಕೂರಿಸುವ ಚಿಕ್ಕ ದೂರದರ್ಶಕ. ಅದರ ತಳ ಕೂರಿಸಲು 3ಎಂ ಕಂಪನಿಯ ವಿಎಚ್‌ಬಿ ಟೇಪ್ ತಂದೆ. ಸ್ಪಾಂಜಿನಂತೆ ಕಾಣುವ ಇದು ಪೂರ್ತಿ ಅಕ್ರಿಲಿಕ್. ಒಂದು ಕೆ.ಜಿ. ಭಾರಕ್ಕೆ ಸುಮಾರು 55 ಚದರ ಸೆಂ.ಮೀ. ಟೇಪ್ ಬೇಕು ಅನ್ನುವುದು ತಯಾರಕರ ಲೆಕ್ಕ. ಫೈಂಡರ್ 300 ಗ್ರಾಂ, ಹಾಗಾಗಿ 17 ಚದರ ಸೆಂ.ಮೀ. ಸಾಕು. 5×4 ತುಂಡು ಹಾಕಿದೆ. ಒಂದು ಎಚ್ಚರ: ಬಣ್ಣದ ಮೇಲೆ ಹಚ್ಚಿದರೆ ಟೇಪ್ ಹಿಡಿಯುವುದು ಬಣ್ಣವನ್ನು, ಮರವನ್ನಲ್ಲ. ಬಣ್ಣ ಎದ್ದರೆ ಟೇಪೂ ಎದ್ದಿತು. ಅಲ್ಲಿ ಬಣ್ಣ ಕೆರೆದು, ವಾರ್ನಿಶ್ ಹೊಡೆದು, ಒಣಗಿದ ಮೇಲೆ ಜೋರಾಗಿ ಒತ್ತಿ ಮೂರು ದಿನ ಬಿಟ್ಟೆ. ಪೂರ್ತಿ ಬಲ ಬರಲು 72 ಗಂಟೆ ಬೇಕು.

ಕೊಳವೆಯ ಮೇಲ್ತುದಿಯಲ್ಲಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿಗೆ ಟೇಪ್ ಬೇಡ ಅಂದುಕೊಂಡೆ. ತೂಕ 50 ಗ್ರಾಂ ಆಸುಪಾಸು, ಲೆಕ್ಕದ ಪ್ರಕಾರ ಟೇಪ್ ಧಾರಾಳವಾಗಿ ತಡೆಯುತ್ತೆ. ಆದರೆ ಅದು ಮುಖ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತೆ. ಅಂಚಿನಿಂದ ಸುಲಿಯುವ ಎಳೆತವನ್ನು ಟೇಪ್ ಅಷ್ಟಾಗಿ ತಡೆಯಲ್ಲ. ಬಿದ್ದರೆ ನೇರ ಮುಖ್ಯ ಕನ್ನಡಿ ಮೇಲೆ. ಅಲ್ಲಿಗೂ ಸಿಲಿಕೋನಿನ ಮೂರು ಚಿಕ್ಕ ಉಂಡೆ ಹಾಕಿದೆ. ಜೊತೆಗೆ ಹಿಂಭಾಗದಿಂದ ಹಿಡಿಕೆಗೆ ಒಂದು ದಾರವನ್ನೂ ಕಟ್ಟಿದೆ. ಸೂಪರ್ ಗ್ಲೂ ಮಾತ್ರ ಕೊಳವೆಯ ಹತ್ತಿರವೂ ತರಲಿಲ್ಲ, ಅದರ ಆವಿ ಸುತ್ತಲ ಮೈ ಮೇಲೆ ಬಿಳಿ ಪುಡಿಯಾಗಿ ಕೂರುತ್ತೆ.

ಮುಂದೆ ಫೋಕಸರ್ (ಕಣ್ಣಿಟ್ಟು ನೋಡುವ ಮಸೂರವನ್ನು ಹಿಂದೆ ಮುಂದೆ ಸರಿಸುವ ಭಾಗ) ಕೂರಿಸುವುದು, ಕೊಳವೆ ಒಳಗೆ ಕಪ್ಪು ಬಣ್ಣ ಹೊಡೆಯುವುದು. ಆಮೇಲೆ ಒಂದು ತಂಪು ರಾತ್ರಿ ನಕ್ಷತ್ರವನ್ನು ಫೋಕಸ್ಸಿನ ಆಚೆ ಈಚೆ ಮಾಡಿ ನೋಡಬೇಕು. ಎರಡೂ ಕಡೆ ಉಂಗುರ ದುಂಡಗೆ ಬಂದರೆ ಕನ್ನಡಿಗೆ ಒತ್ತಡ ಇಲ್ಲ ಅಂತ ಅರ್ಥ.