ಹಸಿರು ಬದನೆಕಾಯಿ

ಕಳೆದ ಡಿಸೆಂಬರಿನ ಒಂದು ಶನಿವಾರ, ಮೈಸೂರಿನ ಹೆಸರುವಾಸಿ ಖಾಸಗಿ ಶಾಲೆಯೊಂದರಲ್ಲಿ, ಒಂದನೇ ತರಗತಿಯ ಸೀಟಿಗಾಗಿ ಬಂದಿದ್ದ ನನ್ನ ಮಗಳಿಗೆ ತರಕಾರಿಗಳ ಗೆರೆಚಿತ್ರವಿದ್ದ ಹಾಳೆಯೊಂದನ್ನು ಕೊಟ್ಟು ಬಣ್ಣ ತುಂಬಲು ಹೇಳಿದರು. ಟೊಮೆಟೊಗೆ ಕೆಂಪು, ಕ್ಯಾರೆಟ್ಟಿಗೆ ಕೇಸರಿ ಬಳಿದ ಅವಳು, ಬದನೆಕಾಯಿಯ ಸರದಿ ಬಂದಾಗ ಹಸಿರು ಬಣ್ಣದ ಕಡ್ಡಿ ಎತ್ತಿಕೊಂಡು, ತುಟಿ ಕಚ್ಚಿ ಹಿಡಿದು, ಗೆರೆ ದಾಟದಂತೆ ನಿಧಾನವಾಗಿ ತುಂಬಿದಳು. ಶಿಕ್ಷಕಿ ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ತಪ್ಪು ಗುರುತು ಹಾಕಿ, ‘ಬಣ್ಣ ಗುರುತಿಸುವುದರಲ್ಲಿ ಸ್ವಲ್ಪ ಹಿಂದಿದ್ದಾಳೆ’ ಎಂದರು. ನಮ್ಮ ಮನೆಗೆ ಬರುವುದು ಈರನಗೆರೆ ಬದನೆಕಾಯಿ, ಅದು ಹಸಿರು. ದೇವರಾಜ ಮಾರುಕಟ್ಟೆಯಲ್ಲಿ ಅಜ್ಜಿಯ ಪಕ್ಕ ನಿಂತು ಹುಳುಕಿಲ್ಲದ್ದನ್ನು ಆರಿಸಿ ಚೀಲಕ್ಕೆ ಹಾಕುವವಳೂ ಇವಳೇ. ಇಷ್ಟನ್ನು ಹೇಳಬೇಕಿದ್ದ ನಾನು, ಸೀಟು ಎಲ್ಲಿ ಕೈತಪ್ಪುವುದೋ ಎಂಬ ಭಯದಿಂದ ಸುಮ್ಮನೆ ಕುಳಿತಿದ್ದೆ. ಆ ಮೌನಕ್ಕಾಗಿ ನನಗೆ ಇಂದಿಗೂ ನೋವಿದೆ.

ಆ ಬಳಿಕ ಪ್ರಶ್ನೆಗಳು ನಮ್ಮತ್ತ ತಿರುಗಿದವು. ಗಂಡ ಹೆಂಡತಿ ಎಷ್ಟು ಓದಿದ್ದೀರಿ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗುವಿಗೆ ಹೋಂವರ್ಕ್ ಮಾಡಿಸುವವರು ಯಾರು? ‘ಇದು ಪರೀಕ್ಷೆಯಲ್ಲ, ಬರೀ ಇಂಟರಾಕ್ಷನ್’ ಎಂದು ಆರಂಭದಲ್ಲೇ ಹೇಳಿದ್ದರು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಹೆಸರನ್ನು ನೋಡುವುದಿಲ್ಲ. ಯಾದೃಚ್ಛಿಕ ವಿಧಾನವೊಂದನ್ನು, ಅಂದರೆ ಲಾಟರಿಯಂಥದ್ದನ್ನು ಬಿಟ್ಟು, ಒಂದು ಮಗುವಿಗಿಂತ ಇನ್ನೊಂದು ಮಗುವನ್ನು ಮುಂದಿಟ್ಟು ಆಯ್ಕೆ ಮಾಡುವ ಯಾವುದೇ ಕ್ರಮವನ್ನೂ ಅದು ಜರಡಿ ಹಿಡಿಯುವ ಪ್ರಕ್ರಿಯೆ ಎಂದೇ ಕರೆಯುತ್ತದೆ. 13ನೇ ಸೆಕ್ಷನ್ ಮಗುವನ್ನಷ್ಟೇ ಅಲ್ಲದೆ ತಂದೆತಾಯಿಯರನ್ನೂ ಅದಕ್ಕೆ ಒಳಪಡಿಸುವುದನ್ನು ನಿಷೇಧಿಸಿ, ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ, ಅನಂತರದ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಲಕ್ಷಗಟ್ಟಲೆ ಶುಲ್ಕ ಪಡೆಯುವ ಶಾಲೆಗೆ ಈ ಮೊತ್ತ ಯಾವ ಲೆಕ್ಕ? ಲಾಟರಿ ಎತ್ತುವುದೇನೂ ಅಸಾಧ್ಯದ ಮಾತಲ್ಲ. ಕೇಂದ್ರೀಯ ವಿದ್ಯಾಲಯಗಳು ಆದ್ಯತಾ ವರ್ಗಗಳಿಗೆ ಅನುಸಾರವಾಗಿ ಒಂದನೇ ತರಗತಿಯ ಸೀಟುಗಳನ್ನು ಲಾಟರಿ ಮೂಲಕವೇ ಹಂಚುತ್ತವೆ.

ಕಾಯ್ದೆಯಲ್ಲಿ ದೊಡ್ಡ ಬಿರುಕುಗಳೂ ಇವೆ. ಅದರ ಪ್ರಕಾರ ಮಗು ಎಂದರೆ 6ರಿಂದ 14 ವರ್ಷದವರೆಗಿನ ಮಗು. ಹೀಗಾಗಿ ನರ್ಸರಿ ಪ್ರವೇಶಕ್ಕೆ ಈ ನಿಷೇಧ ಅನ್ವಯಿಸದೆಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎಲ್‌ಕೆಜಿಯಲ್ಲೇ ಸೀಟು ಭರ್ತಿ ಮಾಡಿಕೊಳ್ಳುವ ಶಾಲೆಯ ಮುಂದೆ ಮೂರೂವರೆ ವರ್ಷದ ಮಗುವಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ನಮ್ಮ ಬೀದಿಯಲ್ಲೇ ಅಂಥ ಮಕ್ಕಳಿಗೆ ಸಂಜೆ ಟ್ಯೂಷನ್ ನಡೆಯುತ್ತದೆ. ಕಿಟಕಿಯಿಂದ ‘ಮೈ ನೇಮ್ ಈಸ್’ ಎಂಬ ಒಕ್ಕೊರಲು ಕೇಳಿಬರುವಾಗ, ಆಟಕ್ಕೆಂದು ಹೊರಗೆ ನಿಂತ ನನ್ನ ಮಗಳು ಒಳಗಿರುವ ಗೆಳತಿಗಾಗಿ ಕಾಯುತ್ತಿರುತ್ತಾಳೆ.

ನಮಗೆ ಸೀಟು ಸಿಗಲಿಲ್ಲ. ನನ್ನನ್ನು ಕಾಡಿದ್ದು ಅದಕ್ಕಿಂತ ಹೆಚ್ಚಾಗಿ ಆ ಹಾಳೆ. ಮಗಳು ಬಣ್ಣ ತುಂಬಿದ್ದನ್ನು ಹಿಂದಿರುಗಿಸಿ ಎಂದು ಕೇಳಿದ್ದಕ್ಕೆ, ಪ್ರವೇಶದ ದಾಖಲೆಗಳನ್ನು ಪೋಷಕರಿಗೆ ಕೊಡುವುದಿಲ್ಲ ಎಂದು ಕಚೇರಿಯವರು ಉತ್ತರಿಸಿದರು. ಪರೀಕ್ಷೆಯೇ ನಡೆದಿಲ್ಲವೆಂದಾದರೆ ದಾಖಲೆ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಯನ್ನು ಬರೆದು, ಕಳೆದ ವಾರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೂರು ಸಲ್ಲಿಸಿ ಸ್ವೀಕೃತಿ ಪಡೆದಿದ್ದೇನೆ.