ಯಾವ ಕಸಿನ್?

ಕೆಳಗಿನ ಮನೆಯ ಹುಡುಗಿ ಉರ್ದು ಶಾಲೆಯಲ್ಲಿ ಆರನೇ ಕ್ಲಾಸು. ಸಂಜೆ ಇಂಗ್ಲಿಷ್ ನೋಟ್ಸ್ ಹಿಡಿದು ಮೇಲೆ ಬರುತ್ತಾಳೆ. ಮಂಗಳವಾರ ಬಂದ ಪದ ‘ಕಸಿನ್’. ಫೋನ್ ನೋಡುತ್ತಲೇ ಹೇಳಿದೆ, ‘ಚಾಚಾನ ಮಗ.’

‘ಖಾಲಾನ ಮಗ?’

‘ಅವನೂ ಕಸಿನ್ನೇ.’

‘ಮಾಮೂನ ಮಗಳು?’

‘ಅವಳೂ.’

ಪೆನ್ಸಿಲ್ ಕೆಳಗಿಟ್ಟಳು. ‘ಹುಡುಗ ಹುಡುಗಿ ಇಬ್ಬರಿಗೂ ಒಂದೇನಾ? ಹಾಗಾದ್ರೆ ಯಾರು ಅಂತ ಹೇಗಕ್ಕ ಗೊತ್ತಾಗೋದು?’

ಗೊತ್ತಾಗಲ್ಲ, ಅಷ್ಟೇ. ಅವಳ ಭಾಷೆಯಲ್ಲಿ ಚಾಚಾ ಅಂದರೆ ಚಿಕ್ಕಪ್ಪ, ಫೂಫೀ ಸೋದರತ್ತೆ, ಮಾಮೂ ಸೋದರಮಾವ, ಖಾಲಾ ತಾಯಿಯ ಅಕ್ಕ ಅಥವಾ ತಂಗಿ. ಅವರ ಮಕ್ಕಳಿಗೆ ಚಾಚಾಜಾದ್, ಫೂಫೀಜಾದ್, ಮಾಮೂಜಾದ್, ಖಾಲಾಜಾದ್ ಅಂತ ಬೇರೆ ಬೇರೆ ಇವೆ. ಜಾದ್ ಅಂದರೆ ಪಾರಸಿಯಲ್ಲಿ ಹುಟ್ಟಿದವರು. ಮುಂದೆ ಭಾಯಿ, ಬೆಹೆನ್ ಸೇರಿಸಿದರೆ ಒಟ್ಟು ಎಂಟು. ತಮಾಷೆ ಅಂದ್ರೆ, ಕಸಿನ್‌ನ ಮೂಲವಾದ ಲ್ಯಾಟಿನ್ ಪದಕ್ಕೆ ಮೊದಲು ತಾಯಿಯ ಅಕ್ಕತಂಗಿಯರ ಮಕ್ಕಳು ಅಂತಲೇ ಅರ್ಥವಿತ್ತು. ಖಾಲಾಜಾದ್! ಆಮೇಲೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದರು.

ಹುಡುಗಿ ಎಂಟನ್ನೂ ಬರೆದುಕೊಂಡಳು. ನಾನು ಸುಮ್ನೆ ಇರಬಹುದಿತ್ತು. ಕೆಳಗೆ ಬಿಡಲು ಹೋದಾಗ ಅವಳ ದಾದಿಗೆ, ಅಂದರೆ ಅಪ್ಪನ ತಾಯಿಗೆ, ಇದನ್ನೆಲ್ಲ ಹೇಳಿದೆ. ಎಲೆಯಡಿಕೆ ಡಬ್ಬಿಯ ಮುಂದೆ ಕೂತಿದ್ದ ದಾದಿ ನಕ್ಕರು. ‘ನಾನು ಮದುವೆಯಾಗಿದ್ದು ನನ್ನ ಚಾಚಾನ ಮಗನನ್ನೇ.’

ನನಗೆ ತಡೆಯಲಾಗಲಿಲ್ಲ. ‘ಭಾಯಿ ಅಂತ ಕರೆದು ಮದುವೆನಾ ದಾದಿ?’

ಅವರು ಸುಣ್ಣ ಹಚ್ಚುತ್ತಾ, ತಲೆ ಕೂಡ ಎತ್ತದೆ ಕೇಳಿದರು, ‘ನಿಮ್ಮಲ್ಲಿ ತಾಯಿಯ ತಮ್ಮನಿಗೇ ಕೊಡ್ತಾರಲ್ಲ, ಮಾಮಾ ಅಂತ ಕರೆದು?’

ಎರಡು ದಿನದಿಂದ ಆ ಮಾತು ತಲೆಯಲ್ಲೇ ಕೂತಿದೆ. ಅಡುಗೆ ಮಾಡುವಾಗಲೂ ಅದೇ. ನನ್ನ ಅಜ್ಜಿಯನ್ನು ಕೊಟ್ಟಿದ್ದು ಸೋದರಮಾವನಿಗೇ. ಅಜ್ಜಿ ಕೊನೆಯವರೆಗೂ ಗಂಡನನ್ನು ‘ಮಾವ’ ಅಂತಲೇ ಕರೆಯುತ್ತಿದ್ದರು. ಅದು ನನಗೆ ಯಾವತ್ತೂ ವಿಚಿತ್ರ ಅನಿಸಿರಲಿಲ್ಲ. ದಾದಿಯ ಮನೆಯಲ್ಲಿ ಸೋದರಮಾವನ ಜೊತೆ ಮದುವೆ ಹರಾಮು, ಊಹಿಸುವುದಕ್ಕೂ ಆಗದ್ದು. ಒಂದೇ ಎದೆಹಾಲು ಕುಡಿದವರಿಗೂ ಅಲ್ಲಿ ಮದುವೆಯಿಲ್ಲ, ರಕ್ತಸಂಬಂಧ ಇಲ್ಲದಿದ್ದರೂ. ನಮ್ಮಲ್ಲಿ ಅತ್ತೆ ಮಗ, ಮಾವನ ಮಗಳು ಅಂದರೆ ತೊಟ್ಟಿಲಲ್ಲೇ ಮದುವೆಯ ಹಾಸ್ಯ. ಚಿಕ್ಕಪ್ಪನ ಮಗ ಮಾತ್ರ ಒಡಹುಟ್ಟಿದವನ ಹಾಗೆ. ಅವರೂ ಗೆರೆ ಎಳೆದಿದ್ದಾರೆ, ನಾವೂ ಎಳೆದಿದ್ದೇವೆ, ಬೇರೆ ಬೇರೆ ಜಾಗದಲ್ಲಿ. ಇಬ್ಬರ ಗೆರೆಯನ್ನೂ ಅಳಿಸಿದ್ದು ಈ ಕಸಿನ್. ಮಾತು ತಪ್ಪಿಸಿಕೊಳ್ಳಲು ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ ಬಿಡಿ. ಆಸ್ತಿ ವ್ಯಾಜ್ಯವಾದ ಮೇಲೆ ನಮ್ಮ ಮನೆಯಲ್ಲೂ ಅಣ್ಣಂದಿರೆಲ್ಲ ಕಸಿನ್‌ಗಳಾಗಿದ್ದಾರೆ.

ಗುರುವಾರ ಹುಡುಗಿ ನೋಟ್ಸ್ ತೋರಿಸಿದಳು. ಎಂಟು ಸಾಲಿನ ಮೇಲೂ ಕೆಂಪು ಗೀಟು. ಪಕ್ಕದಲ್ಲಿ ಟೀಚರ್ ಬರೆದಿದ್ದಾರೆ: ಒಂದೇ ಅರ್ಥ ಸಾಕು.

ಹಿಂದೆಯೇ ಮೆಟ್ಟಿಲ ಕೆಳಗಿಂದ ದಾದಿಯ ದನಿ. ‘ಭಾನುವಾರ ಬೈಕಲ್ಲಿ ಬಂದಿದ್ದನಲ್ಲ ಹುಡುಗ, ಕಸಿನ್ ಅಂದ್ಯಲ್ಲ, ಅವನು ಕೌನ್ಸಾ ಕಸಿನ್?’

‘ಅಣ್ಣ, ದಾದಿ. ದೊಡ್ಡಪ್ಪನ ಮಗ.’

‘ಹೌ? ಹಾಗಾದ್ರೆ ಮದುವೆ ಆಗಬಹುದಲ್ಲ?’

‘ಅಯ್ಯೋ, ನಕ್ಕೋ ದಾದಿ!’